ನಸುಕಿನ ಹೊಳೆ, ನೆರೆಯ ಗೆರೆ: ಹರಿಹರದ ತುಂಗಭದ್ರೆಯ ದಂಡೆಯಲ್ಲಿ

ನಮಸ್ಕಾರ. ಪರದೆಯ ಮೇಲೆ ಈಗ ಕತ್ತಲೆಯೇ ಹೆಚ್ಚಾಗಿ ಕಾಣುತ್ತಿರಬಹುದು, ಏಕೆಂದರೆ ಬೆಳಗಿನ 5 ಗಂಟೆ ಇನ್ನೂ ಆಗಿಲ್ಲ. ಸೂಳೆಕೆರೆಯ ಕಡೆಯಿಂದ ಹರಿದು ಬರುವ ಹರಿದ್ರಾ ಹಳ್ಳ ತುಂಗಭದ್ರೆಯನ್ನು ಸೇರುವ ಜಾಗಕ್ಕೆ ಸಮೀಪದಲ್ಲಿ, ಹರಿಹರದ ಹೊಳೆದಂಡೆಯ ಮೇಲೆ ನಾವು ನಿಂತಿದ್ದೇವೆ. ಕೈಯಲ್ಲಿ ಟಾರ್ಚು, ಹೆಗಲ ಚೀಲದಲ್ಲಿ ಗಾಜಿನ ಬಾಟಲಿಗಳು, ರಾಸಾಯನಿಕ ದ್ರಾವಣಗಳು ಮತ್ತು ಒಂದು ದಪ್ಪ ನೋಟುಪುಸ್ತಕ ಇವೆ. ನಾನು ಸಿಹಿನೀರಿನ ವಿಜ್ಞಾನಿ. ದಾವಣಗೆರೆಯಲ್ಲಿ ಮನೆ ಮಾಡಿಕೊಂಡು ತುಂಗಭದ್ರೆ ಮತ್ತು ವೇದಾವತಿ ಎಂಬ ಎರಡು ನದಿಗಳ ನೀರನ್ನೂ ಅವುಗಳ ಅಕ್ಕಪಕ್ಕದ ಬಯಲನ್ನೂ ಅಳೆದು, ಬರೆದಿಟ್ಟು, ಉಳಿಸಿಕೊಳ್ಳುವ ದಾರಿಯನ್ನು ಹುಡುಕುವುದು ನನ್ನ ಕೆಲಸ.

ಇಷ್ಟು ಬೇಗ ಏಕೆ ಬರಬೇಕು ಎಂದು ಹಲವರು ಕೇಳುತ್ತಾರೆ. ಮೊದಲ ವರ್ಷ ನಾನೂ ಹೀಗೆ ಬರುತ್ತಿರಲಿಲ್ಲ. ದಾವಣಗೆರೆಯಿಂದ ಬಸ್ಸು ಹಿಡಿದು, ತಿಂಡಿ ಮುಗಿಸಿ, 11 ಗಂಟೆಯ ಹೊತ್ತಿಗೆ ಇಲ್ಲಿಗೆ ತಲುಪಿ ನೀರನ್ನು ಅಳೆಯುತ್ತಿದ್ದೆ. ಕರಗಿದ ಆಮ್ಲಜನಕದ ಪ್ರಮಾಣ ಪ್ರತಿ ಸಲವೂ ಚೆನ್ನಾಗಿಯೇ ಬರುತ್ತಿತ್ತು. ಹೊಳೆಯ ಈ ಭಾಗ ಆರೋಗ್ಯವಾಗಿದೆ ಎಂದು ಆ ವರ್ಷದ ವರದಿಯಲ್ಲಿ ನಾನೇ ನನ್ನ ಕೈಯಾರೆ ಬರೆದೆ. ಅದನ್ನು ತಿದ್ದಿದವರು ಹರಿಗೋಲಿನಲ್ಲಿ ಬಲೆ ಬೀಸುವ ಒಬ್ಬ ಅಜ್ಜ. "ಬಿಸಿಲೇರಿದ ಮ್ಯಾಲ ಹೊಳಿ ನೋಡಿದ್ರ ಏನ್ ಕಾಣ್ತೈತಿ ಮೇಡಂ? ನಸುಕಿನ್ಯಾಗ ಬರ್ರಿ, ಮೀನು ಬಾಯಿ ತಕ್ಕೊಂಡು ಮ್ಯಾಲ ಬರೋದನ್ನ ತೋರಸ್ತೀನಿ" ಎಂದರು. ಮರುದಿನವೇ ಬಂದೆ. ನೀರಿನ ಮೇಲ್ಮೈಯಲ್ಲಿ ನೂರಾರು ಸಣ್ಣ ಬಾಯಿಗಳು ತೆರೆದು ಮುಚ್ಚುತ್ತಿದ್ದವು. ಆ ದೃಶ್ಯ ಈಗಲೂ ನನ್ನ ಕಣ್ಣಿನಿಂದ ಹೋಗಿಲ್ಲ.

ಕಾರಣ ಹೀಗಿದೆ. ನೀರಿನಲ್ಲಿ ಪಾಚಿ ಹೆಚ್ಚಾದಾಗ ಅದು ಹಗಲಿನ ಬಿಸಿಲಿನಲ್ಲಿ ಆಮ್ಲಜನಕವನ್ನು ಧಾರಾಳವಾಗಿ ಬಿಡುಗಡೆ ಮಾಡುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಉತ್ಪಾದನೆ ನಿಂತುಹೋಗುತ್ತದೆ, ಆದರೆ ಪಾಚಿಯ ಉಸಿರಾಟವಾಗಲಿ, ಕೊಳೆಯುವ ಕಸವನ್ನು ತಿನ್ನುವ ಸೂಕ್ಷ್ಮಾಣುಗಳ ಉಸಿರಾಟವಾಗಲಿ ನಿಲ್ಲುವುದಿಲ್ಲ. ರಾತ್ರಿಯಿಡೀ ಖರ್ಚೇ ಆಗಿ, ಸೂರ್ಯ ಹುಟ್ಟುವ ಮುಂಚಿನ ಗಳಿಗೆಯಲ್ಲಿ ನೀರಿನ ಆಮ್ಲಜನಕ ತೀರ ತಳಕ್ಕೆ ಇಳಿದಿರುತ್ತದೆ. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಸಿಹಿನೀರು ಗಾಳಿಯಿಂದ ತಾನಾಗಿ ಹಿಡಿದಿಟ್ಟುಕೊಳ್ಳಬಲ್ಲ ಆಮ್ಲಜನಕ ಲೀಟರಿಗೆ ಸುಮಾರು 8.3 ಮಿಲಿಗ್ರಾಂ ಮಾತ್ರ. ಮಧ್ಯಾಹ್ನದ ಅಳತೆ ಅದನ್ನೂ ಮೀರಿದರೆ ಸಂತೋಷಪಡುವಂತಿಲ್ಲ, ನೀರಿನಲ್ಲಿ ಪಾಚಿ ಮಿತಿಮೀರಿದೆ ಎಂದು ತಿಳಿಯಬೇಕು. ನಾನು ಒಳ್ಳೆಯ ಸುದ್ದಿಯೆಂದು ಬರೆದದ್ದು ರೋಗದ ಲಕ್ಷಣವಾಗಿತ್ತು. ಆ ವರದಿಯನ್ನು ಹಿಂದಕ್ಕೆ ಪಡೆದು, ಅಂದಿನಿಂದ ಪ್ರತಿ ಜಾಗದಲ್ಲೂ ನಸುಕಿಗೊಮ್ಮೆ, ಮಧ್ಯಾಹ್ನಕ್ಕೊಮ್ಮೆ ಅಳೆಯುವ ನಿಯಮ ಇಟ್ಟುಕೊಂಡಿದ್ದೇನೆ.

ಈಗ ಕ್ಯಾಮೆರಾ ನನ್ನ ಕೈಗಳ ಹತ್ತಿರ ಬಂದಿದೆ, ದಯವಿಟ್ಟು ಗಮನವಿಟ್ಟು ನೋಡಿ. 300 ಮಿಲಿಲೀಟರಿನ ಈ ಗಾಜಿನ ಬಾಟಲಿಯನ್ನು ನೀರಿನೊಳಗೇ ಓರೆಯಾಗಿ ಮುಳುಗಿಸಿ, ಗುಳುಗುಳು ಶಬ್ದವೇ ಬಾರದಂತೆ ನಿಧಾನವಾಗಿ ತುಂಬಿಸಿ, ಒಳಗೆ ಒಂದು ಗುಳ್ಳೆಯೂ ಉಳಿಯದಂತೆ ಮುಚ್ಚಳ ಹಾಕಬೇಕು. ಒಂದು ಗುಳ್ಳೆ ಉಳಿದರೂ ಲೆಕ್ಕ ತಪ್ಪುತ್ತದೆ. ಮೊದಲು ಮ್ಯಾಂಗನೀಸ್ ಸಲ್ಫೇಟ್, ಆಮೇಲೆ ಕ್ಷಾರೀಯ ಅಯೋಡೈಡ್ ದ್ರಾವಣ. ಈಗ ಬಾಟಲಿಯೊಳಗೆ ಕಂದುಬಣ್ಣದ ಮೋಡದಂಥ ಗಷ್ಟು ಕಟ್ಟಿ ಕೆಳಗಿಳಿಯುತ್ತಿರುವುದನ್ನು ಕಾಣುತ್ತೀರಿ. ಕಂದು ಗಾಢವಾದಷ್ಟೂ ಆಮ್ಲಜನಕ ಹೆಚ್ಚು, ಗಷ್ಟು ಬಿಳಿಯಾಗಿಯೇ ಉಳಿದರೆ ನೀರಿನಲ್ಲಿ ಆಮ್ಲಜನಕವೇ ಇಲ್ಲ. ಗಂಧಕಾಮ್ಲ ಹಾಕಿ ಅಲುಗಾಡಿಸಿದರೆ ಅದು ಜೇನಿನ ಬಣ್ಣಕ್ಕೆ ತಿರುಗುತ್ತದೆ. ಅದರಿಂದ ಅಳೆದು ತೆಗೆದ ಪಾಲಿಗೆ ನಾಲ್ಕು ಹನಿ ಗಂಜಿಯ ದ್ರಾವಣ ಸೇರಿಸಿದರೆ ಕಡುನೀಲಿಯಾಗುತ್ತದೆ. ಆಮೇಲೆ ಥಯೋಸಲ್ಫೇಟನ್ನು ಹನಿಹನಿಯಾಗಿ ಬಿಡುತ್ತ ಹೋಗಿ, ಆ ನೀಲಿ ಪೂರ್ತಿ ಮಾಯವಾಗುವ ಹನಿಯನ್ನು ಹಿಡಿಯಬೇಕು. ಈಗ ಗುಂಡಿ ಒತ್ತಿದರೆ ಅಂಕಿ ತೋರಿಸುವ ಮೀಟರುಗಳಿವೆ, ನಮ್ಮಲ್ಲೂ ಒಂದಿದೆ. ಆದರೂ ಮೀಟರು ಸರಿಯಾಗಿ ಹೇಳುತ್ತಿದೆಯೇ ಎಂದು ಪರೀಕ್ಷಿಸುವುದು 19ನೆಯ ಶತಮಾನದಲ್ಲಿ ರಸಾಯನವಿಜ್ಞಾನಿ ವಿಂಕ್ಲರ್ ರೂಪಿಸಿದ ಈ ವಿಧಾನದಿಂದಲೇ. ಸ್ನಾನಕ್ಕೆ ಯೋಗ್ಯವೆನ್ನಬೇಕಾದರೆ ಲೀಟರು ನೀರಿನಲ್ಲಿ ಕನಿಷ್ಠ 5 ಮಿಲಿಗ್ರಾಂ ಆಮ್ಲಜನಕ ಇರಬೇಕೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾನದಂಡ ಹೇಳುತ್ತದೆ. ಇವತ್ತಿನ ನಸುಕಿನ ಅಂಕಿ ಅದಕ್ಕಿಂತ ಕೆಳಗಿದೆ.

ಬೆಳಕು ಹರಿಯಿತು. ಇನ್ನು ಕಲ್ಲುಗಳನ್ನು ಮಗುಚುವ ಕೆಲಸ. ಹಳ್ಳ ಸೇರುವ ಜಾಗಕ್ಕಿಂತ ಮೇಲೆ, ಹರಿವು ಚುರುಕಾಗಿರುವ ಕಡೆ ಎತ್ತಿದ ಈ ಕಲ್ಲಿನ ಅಡಿಯಲ್ಲಿ ಮೂರು ಎಳೆ ಬಾಲದ, ಅಕ್ಕಿಕಾಳಿನಷ್ಟು ಉದ್ದದ ಹುಳುವೊಂದು ಕಲ್ಲಿಗೆ ಅಂಟಿಕೊಂಡಂತೆ ಓಡಾಡುತ್ತಿದೆ. ಇದು ಮೇಫ್ಲೈ ಕೀಟದ ಮರಿ. ಹೊಟ್ಟೆಯ ಎರಡೂ ಪಕ್ಕದಲ್ಲಿ ಗರಿಯಂತೆ ಮಿಡಿಯುತ್ತಿರುವುದು ಅದರ ಕಿವಿರು. ಮೇಫ್ಲೈ ಜಾತಿಗಳಲ್ಲಿ ಹೆಚ್ಚಿನವು ಆಮ್ಲಜನಕದ ಕೊರತೆಯನ್ನು ತಾಳಲಾರವು. ಹಳ್ಳದ ಕೆಸರಿನಲ್ಲಿ ಜಾಲರಿಯನ್ನು ಎಳೆದರೆ ಸಿಗುವುದು ದಾರದ ತುಂಡಿನಂಥ ಕೆಂಪು ಹುಳುಗಳು. ನಮ್ಮ ರಕ್ತದಲ್ಲಿರುವಂಥ ಹಿಮೋಗ್ಲೋಬಿನ್ ಅವುಗಳ ಮೈಯಲ್ಲೂ ಇರುವುದರಿಂದ ಉಸಿರುಗಟ್ಟುವ ಕೆಸರಿನಲ್ಲೂ ಬದುಕುತ್ತವೆ. ಬಾಟಲಿಯ ನೀರು ಈ ಗಳಿಗೆಯ ಸ್ಥಿತಿಯನ್ನಷ್ಟೇ ಹೇಳಿದರೆ, ಈ ಹುಳುಗಳು ಕಳೆದ ಹಲವು ವಾರಗಳ ಕಥೆಯನ್ನು ಹೇಳುತ್ತವೆ.

ಈ ಹಳ್ಳಕ್ಕೆ ಏನಾಗಿದೆ ಎಂದು ಹುಡುಕುತ್ತ ಹೊರಟರೆ ಒಬ್ಬನೇ ಅಪರಾಧಿ ಸಿಗುವುದಿಲ್ಲ. ಭದ್ರಾ ಅಚ್ಚುಕಟ್ಟಿನ ಭತ್ತದ ಗದ್ದೆಗಳಿಗೆ ಹಾಕಿದ ಯೂರಿಯಾ, ಡಿಎಪಿಗಳಲ್ಲಿ ಒಂದು ಪಾಲು ಬಸಿಗಾಲುವೆಗಳ ಮೂಲಕ ಹಳ್ಳಕ್ಕೆ, ಹಳ್ಳದಿಂದ ಹೊಳೆಗೆ ಬಂದು ಪಾಚಿಗೆ ಗೊಬ್ಬರವಾಗುತ್ತದೆ. ಊರುಗಳ ಚರಂಡಿ ನೀರು ಅದರ ಜೊತೆ ಸೇರುತ್ತದೆ. 2018ರಲ್ಲಿ ಕೇಂದ್ರ ಮಂಡಳಿ ದೇಶದಾದ್ಯಂತ ಗುರುತಿಸಿದ 351 ಕಲುಷಿತ ನದಿಭಾಗಗಳಲ್ಲಿ 17 ಕರ್ನಾಟಕದವು, ಅವುಗಳಲ್ಲಿ ತುಂಗಭದ್ರೆಯೂ ಒಂದು. ರೈತರನ್ನು ದೂರುವುದು ನನಗೆ ಇಷ್ಟವಿಲ್ಲ, ಏಕೆಂದರೆ ಬಸಿನೀರಿಗೂ ಹೊಳೆಗೂ ನಡುವೆ ಹಿಂದೆ ಇದ್ದ ಜೊಂಡು, ಆಪು, ತಗ್ಗುಭೂಮಿಗಳನ್ನು ಅಳಿಸಿದವರು ಅವರೊಬ್ಬರೇ ಅಲ್ಲ. ಆ ತಗ್ಗುಗಳಲ್ಲಿ ನೀರು ನಿಂತು, ಸೋಸಿ, ತನ್ನ ಭಾರವನ್ನು ಇಳಿಸಿಕೊಂಡು ಹೊಳೆಯನ್ನು ಸೇರುತ್ತಿತ್ತು.

ಇಲ್ಲಿಂದಲೇ ನನ್ನ ಕೆಲಸದ ಮುಖ್ಯ ಮಾತಿಗೆ ಬರುತ್ತೇನೆ. ಬೇಸಿಗೆಯಲ್ಲಿ ನೀರು ಹರಿಯುವಷ್ಟು ಅಗಲವನ್ನೇ ನಾವು ಹೊಳೆಯೆಂದು ತಿಳಿಯುತ್ತೇವೆ, ಆದರೆ ಹೊಳೆ ಅಷ್ಟಕ್ಕೆ ಮುಗಿಯುವುದಿಲ್ಲ. ಮಳೆಗಾಲದ ನೆರೆ ಹರಡಿಕೊಳ್ಳುವ ಮೆಕ್ಕಲುಬಯಲೂ ಅದರ ಮೈಯೇ. ನೆರೆಯ ಏರಿಳಿತವೇ ನದಿಯ ಜೀವಜಾಲವನ್ನು ನಡೆಸುವ ಮುಖ್ಯ ಶಕ್ತಿ ಎಂಬ ವಿಚಾರವನ್ನು ನದಿವಿಜ್ಞಾನಿ ಯುಂಕ್ ಮತ್ತು ಸಂಗಡಿಗರು 1989ರಲ್ಲಿ, ಅಮೆಜಾನಿನಂಥ ದೊಡ್ಡ ನದಿಗಳನ್ನು ಮುಂದಿಟ್ಟುಕೊಂಡು, ವಿವರವಾಗಿ ಮಂಡಿಸಿದರು. ನಮ್ಮ ಮಲೆನಾಡಿನವರಿಗೆ ಅದರ ಒಂದು ತುಣುಕು ಬಹಳ ಮೊದಲೇ ಗೊತ್ತಿತ್ತು. ಮುಂಗಾರಿನ ಹೊಸ ನೀರಿಗೆ ಎದುರಾಗಿ ಹಳ್ಳ, ಗದ್ದೆಗಳಿಗೆ ಏರುವ ಮೀನನ್ನು ಅವರು ಹತ್ತುಮೀನು ಎಂದು ಕರೆಯುತ್ತಾರೆ. ಆ ಮೀನು ಮೊಟ್ಟೆಯಿಡಲು ಹುಡುಕುವುದು ಆಳದ ಮಡುವನ್ನಲ್ಲ. ಹುಲ್ಲು ಮುಳುಗಿರುವ, ಬೆಚ್ಚಗಿನ, ಮೊಣಕಾಲುದ್ದದ ನೀರನ್ನು. ತುಂಗಾ ಮತ್ತು ಭದ್ರಾ ಕೂಡಲಿಯಲ್ಲಿ ಸೇರಿ ಹೊನ್ನಾಳಿಯ ಮಾರ್ಗವಾಗಿ ಇಲ್ಲಿಗೆ ಬರುವ ಮೊದಲೇ ಎರಡಕ್ಕೂ ಅಣೆಕಟ್ಟುಗಳಿವೆ. ಗೇಟು ತೆರೆದಾಗ ಒಮ್ಮೆಲೇ ಏರಿ, ಮುಚ್ಚಿದಾಗ ಒಮ್ಮೆಲೇ ಇಳಿಯುವ ನೀರಿನಲ್ಲಿ, ದಂಡೆಯ ಹುಲ್ಲಿಗೆ ಅಂಟಿದ ಮೊಟ್ಟೆಗಳು ಒಣಗಿಹೋಗುವುದುಂಟು. ಆದ್ದರಿಂದ ಎಷ್ಟು ನೀರು ಬಿಡುತ್ತಾರೆ ಎಂಬುದರಷ್ಟೇ ಎಷ್ಟು ನಿಧಾನವಾಗಿ ಇಳಿಸುತ್ತಾರೆ ಎಂಬುದನ್ನೂ ನಾವು ಕೇಳುತ್ತಿದ್ದೇವೆ.

ಪಕ್ಕದ ಚಿತ್ರದುರ್ಗ ಜಿಲ್ಲೆ ಇದಕ್ಕಿಂತ ಕಠಿಣವಾದ ಪಾಠವನ್ನು ಕಲಿಸಿತು. ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಕಟ್ಟಿ ಮುಗಿಸಿದ ವಾಣಿವಿಲಾಸ ಸಾಗರ, ಅಂದರೆ ಮಾರಿಕಣಿವೆ, 1933ರಲ್ಲಿ ಕೋಡಿ ಬಿದ್ದಿತ್ತು. ಮತ್ತೆ ಕೋಡಿ ಬಿದ್ದದ್ದು 89 ವರ್ಷಗಳ ಬಳಿಕ, 2022ರ ಸೆಪ್ಟೆಂಬರಿನಲ್ಲಿ. ನಡುವಿನ ಕಾಲದಲ್ಲಿ ಮೂರು ತಲೆಮಾರು ಕಳೆದವು. ಕೋಡಿ ನೀರು ಹರಿಯುವ ದಾರಿ ಯಾವುದೆಂದು ಕಣ್ಣಾರೆ ಕಂಡವರು ಉಳಿದಿರಲಿಲ್ಲ. ಒಣಗಿದ ಪಾತ್ರದ ಅಂಚಿನಲ್ಲಿ ತೋಟಗಳೆದ್ದವು, ದಾರಿಗಳಾದವು, ಮನೆಗಳಾದವು. ಹಿರಿಯೂರಿನ ಜನ ಕೋಡಿ ನೋಡಲು ಹಬ್ಬದಂತೆ ಸೇರಿದ್ದ ದಿನಗಳಲ್ಲೇ ಕೆಳಗಿನ ತಗ್ಗಿನ ಜಮೀನುಗಳವರು ನೀರಿಗೆ ಹೆದರಿ ಕುಳಿತಿದ್ದರು. ನಾನು ಅಲ್ಲಿಗೆ ಹೋದಾಗ ಒಬ್ಬ ತಾಯಿ ತಮ್ಮ ಅಡಿಕೆ ತೋಟದ ಬದುವಿನ ಮೇಲೆ ನಿಂತು, "ನಮ್ ಮಾವನೋರಿಗೂ ಇದು ಹೊಳೆ ಜಾಗ ಅಂತ ಗೊತ್ತಿರ್ಲಿಲ್ಲ ಕಣವ್ವ" ಎಂದರು. ಅವರ ಮಾತಿನಲ್ಲಿ ಯಾರ ಮೇಲೂ ಕೋಪವಿರಲಿಲ್ಲ.

ಆ ಭೇಟಿಯ ನಂತರ ನಮ್ಮ ತಂಡ ನೀರಿನ ಜೊತೆಗೆ ನೆನಪನ್ನೂ ದಾಖಲಿಸತೊಡಗಿತು. ಹರಿಹರದ ತಗ್ಗು ಬಡಾವಣೆಗಳಲ್ಲಿ, ಉಕ್ಕಡಗಾತ್ರಿಯ ಕಡೆಯ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ, 2019ರ ಆಗಸ್ಟಿನ ನೆರೆ ಗೋಡೆಯ ಯಾವ ಮಟ್ಟಕ್ಕೆ ಬಂದಿತ್ತು ಎಂದು ಕೇಳುತ್ತೇವೆ. ಸುಣ್ಣ ಬಳಿದರೂ ಕೆಲವು ಗೋಡೆಗಳಲ್ಲಿ ಆ ಗೆರೆ ಮಸುಕಾಗಿ ಉಳಿದಿದೆ. ಆ ಗೆರೆಯ ಎತ್ತರವನ್ನು ಲೆವೆಲ್ ಉಪಕರಣದಿಂದ ಅಳೆದು, ಕಂದಾಯ ಇಲಾಖೆಯ ಹಳೆಯ ಗ್ರಾಮ ನಕಾಶೆಯ ಮೇಲೆ ಇಳಿಸುತ್ತೇವೆ. ನಕಾಶೆಯಲ್ಲಿ ಬಿ ಖರಾಬು, ಅಂದರೆ ಸಾಗುವಳಿಗಲ್ಲದ ಸಾರ್ವಜನಿಕ ಜಾಗ, ಎಂದು ಬಿಟ್ಟಿರುವ ಹಳ್ಳದ ಜಾಗಗಳೂ ನೆರೆಯ ಗೆರೆಯೂ ಎಷ್ಟೋ ಕಡೆ ಒಂದರ ಮೇಲೊಂದು ಬಂದು ಕೂರುತ್ತವೆ. ಆ ನಕಾಶೆ ಬರೆದವರು ಹೊಳೆಯನ್ನು ನೋಡಿ ಬರೆದಿದ್ದರು ಎಂದು ಆಗ ಅನ್ನಿಸುತ್ತದೆ.

ನೆರೆಗೆ ಪರಿಹಾರವೆಂದರೆ ಎತ್ತರದ ತಡೆಗೋಡೆ ಎಂಬ ಬೇಡಿಕೆ ಪ್ರತಿ ಮಳೆಗಾಲದಲ್ಲೂ ಏಳುತ್ತದೆ. ಮನೆಯೊಳಗೆ ನೀರು ಕಂಡವರ ಆ ಬೇಡಿಕೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ, ಜನವಸತಿ ದಟ್ಟವಾಗಿರುವ ಕಡೆ ಗೋಡೆ ಬೇಕಾಗಲೂಬಹುದು. ಆದರೆ ಉದ್ದಕ್ಕೂ ಗೋಡೆ ಕಟ್ಟಿದರೆ ಹರಡಿಕೊಳ್ಳಲು ಜಾಗ ಸಿಗದ ನೀರು ಇನ್ನಷ್ಟು ಎತ್ತರವಾಗಿ, ವೇಗವಾಗಿ ಕೆಳಗಿನ ಊರಿನ ಮೇಲೆ ಹೋಗುತ್ತದೆ. ಆದ್ದರಿಂದ ಇನ್ನೂ ಖಾಲಿ ಉಳಿದಿರುವ ದಂಡೆಯ ಪಟ್ಟಿಗಳಲ್ಲಿ ಹೊಳೆಮತ್ತಿ, ಹೊಂಗೆ, ನೇರಳೆ, ಅತ್ತಿಯ ಸಸಿಗಳನ್ನು ನೆಡುತ್ತಿದ್ದೇವೆ. ಹೊಳೆಮತ್ತಿಯ ಬೇರುಗಳು ದಂಡೆಯ ಮಣ್ಣನ್ನು ಹಿಡಿದಿಡುವ ಬಗೆಯನ್ನು ನೋಡಬೇಕೆಂದರೆ ಈಗ ಪರದೆಯ ಮೇಲಿರುವ ಈ ಹಳೆಯ ಮರವನ್ನು ನೋಡಿ. ಕೆಳಗಿನ ಮಣ್ಣು ಅರ್ಧ ಕೊಚ್ಚಿಹೋಗಿದ್ದರೂ ಬೇರುಗಳು ಕೈಬೆರಳುಗಳಂತೆ ಹೆಣೆದುಕೊಂಡು ದಂಡೆಯನ್ನು ಬಿಟ್ಟಿಲ್ಲ. ಅದರ ಮೇಲಿನ ಕೊಂಬೆಯಲ್ಲಿ ಸಿಕ್ಕಿಕೊಂಡಿರುವ ಒಣಹುಲ್ಲು, ಹರಿದ ಸೀರೆಯ ಚೂರು ಯಾರೂ ಎಸೆದದ್ದಲ್ಲ, ಹೋದ ನೆರೆ ಬಿಟ್ಟುಹೋದದ್ದು. ಅದನ್ನೂ ಅಳೆದು ಬರೆದುಕೊಂಡಿದ್ದೇವೆ.

ಬಿಸಿಲು ಏರಿತು. ಅಜ್ಜನ ಹರಿಗೋಲು ದಡಕ್ಕೆ ಬಂದಿದೆ. ಇವತ್ತು ಸಿಕ್ಕ ಮೀನಿನಲ್ಲಿ ಹೆಚ್ಚಿನದು ಜಿಲೇಬಿ, ಅಂದರೆ ಹೊರಗಿನಿಂದ ಬಂದ ತಿಲಾಪಿಯಾ. ಒಂದೇ ಒಂದು ಬಾಳೆಮೀನು ಇದೆ. ಎರಡನ್ನೂ ತೂಗಿ, ಉದ್ದ ಅಳೆದು, ಪುಸ್ತಕದಲ್ಲಿ ಬರೆದುಕೊಂಡು ಅವರಿಗೇ ಹಿಂತಿರುಗಿಸಿದೆ. ಈಗ ಬಾಟಲಿಗಳನ್ನು ದಾವಣಗೆರೆಗೆ ಕೊಂಡೊಯ್ದು, 27 ಡಿಗ್ರಿಯ ಕತ್ತಲೆ ಪೆಟ್ಟಿಗೆಯಲ್ಲಿ 3 ದಿನ ಇಡಬೇಕು. ಆ ನೀರಿನ ಕೊಳೆ ಎಷ್ಟು ಆಮ್ಲಜನಕವನ್ನು ತಿಂದುಹಾಕುತ್ತದೆ ಎಂಬುದು ಆಮೇಲೆ ಗೊತ್ತಾಗುತ್ತದೆ. ಅದಕ್ಕೂ ಮೊದಲು ಮಧ್ಯಾಹ್ನದ ಅಳತೆ ಬಾಕಿಯಿದೆ. ಅಲ್ಲಿಯವರೆಗೆ ನಾನು ಈ ಹೊಳೆಮತ್ತಿಯ ನೆರಳಿನಲ್ಲೇ ಕುಳಿತಿರುತ್ತೇನೆ.