ಕೆಮ್ಮು ಧೂಳಿಂದಾನೇ ಅಂತ ಯಾರ್ರೀ ಹೇಳಿದ್ದು?

ನಮಸ್ಕಾರ. ಬೆಂಗಳೂರಲ್ಲಿ ಒಣಕೆಮ್ಮು ಬಂದ್ರೆ ನಾವೇ ಡಾಕ್ಟ್ರು. ಮೆಟ್ರೋ ಕಾಮಗಾರಿ ಧೂಳು, ಚಳಿ, ಪಾರ್ಥೇನಿಯಂ, ಯಾವುದೋ ಒಂದು ಕಾರಣ ಸಿಕ್ಕೇ ಸಿಗುತ್ತೆ. ಸಿರಪ್ಪು, ಒಂದು ಲೋಟ ಕಷಾಯ, ಮುಗೀತು. ಆದ್ರೆ ಶ್ವಾಸಕೋಶದ ಕ್ಯಾನ್ಸರಿಗೆ ಟಾರ್ಗೆಟೆಡ್ ಥೆರಪಿ ಮಾತ್ರೆ (ಕ್ಯಾನ್ಸರ್ ಕಣದ ನಿರ್ದಿಷ್ಟ ದೋಷಕ್ಕೇ ಗುರಿಯಿಡೋ ಔಷಧಿ) ನುಂಗ್ತಿರೋರು ಹಾಗೆ ಸುಮ್ಮನಾಗೋ ಹಾಗಿಲ್ಲ.

ಜೆಫಿಟಿನಿಬ್, ಎರ್ಲೋಟಿನಿಬ್, ಓಸಿಮರ್ಟಿನಿಬ್. ಕ್ಯಾನ್ಸರ್ ಕಣದ ಇಜಿಎಫ್‌ಆರ್ ಅನ್ನೋ ಜೀನ್‌ನಲ್ಲಿ ಮ್ಯುಟೇಶನ್, ಅಂದ್ರೆ ಬದಲಾವಣೆ, ಇದ್ದೋರಿಗೆ ಕೊಡೋ ಮಾತ್ರೆಗಳು. ಮುಖದ ಮೇಲೆ ಗುಳ್ಳೆ, ಭೇದಿ, ಉಗುರುಸುತ್ತು, ಇವೆಲ್ಲ ಸಾಮಾನ್ಯ. ಕೆಲವರಿಗೆ ರೆಪ್ಪೆಗೂದಲು ಉದ್ದ ಬೆಳೆಯುತ್ತೆ. ಅದನ್ನ ನೋಡಿ ನಗಬಹುದು. ನಗಲಾಗದ್ದು ಇನ್ನೊಂದಿದೆ: ಇಂಟರ್‌ಸ್ಟಿಷಿಯಲ್ ಲಂಗ್ ಡಿಸೀಸ್. ಶ್ವಾಸಕೋಶದ ಅಂಗಾಂಶಕ್ಕೇ ಉರಿಯೂತ. ಜೆಫಿಟಿನಿಬ್ ತಗೊಂಡೋರಲ್ಲಿ ಸುಮಾರು ನೂರಕ್ಕೆ ಒಬ್ಬರಿಗೆ ಬರುತ್ತೆ, ಪ್ರಾಣ ತೆಗೆಯೋದೂ ಉಂಟು. ಶುರುವಾಗೋದು ಒಣಕೆಮ್ಮಿಂದ, ಮೆಟ್ಟಿಲು ಹತ್ತಿದ್ರೆ ಏದುಸಿರಿಂದ, ಒಂಚೂರು ಜ್ವರದಿಂದ. ಜನವರಿ ತಿಂಗಳಲ್ಲಿ ಈ ಊರಿನ ಅರ್ಧ ಜನಕ್ಕೆ ಇರೋದೇ ಇದು!

ಜಪಾನಲ್ಲಿ ಜೆಫಿಟಿನಿಬ್‌ಗೆ ಅನುಮತಿ ಸಿಕ್ಕಿದ್ದು 2002ರ ಜುಲೈಲಿ. ಅಕ್ಟೋಬರ್ ಹೊತ್ತಿಗೆ ಇದೇ ತೊಂದರೆ ಬಗ್ಗೆ ಸರ್ಕಾರ ತುರ್ತು ಎಚ್ಚರಿಕೆ ಹೊರಡಿಸಬೇಕಾಯ್ತು. ಮೊದಲೇ ಗೊತ್ತಾಗ್ಲಿಲ್ವಾ ಅಂತ ಕೇಳ್ತೀರಿ. ಲೆಕ್ಕ ನೋಡಿ. ಕ್ರಿಜೋಟಿನಿಬ್ ಅನ್ನೋ ಶ್ವಾಸಕೋಶದ ಕ್ಯಾನ್ಸರಿನ ಇನ್ನೊಂದು ಮಾತ್ರೆಗೆ 2011ರಲ್ಲಿ ಅಮೆರಿಕ ಅನುಮತಿ ಕೊಟ್ಟಿದ್ದು 255 ರೋಗಿಗಳ ಮೇಲಿನ ಪ್ರಯೋಗ ನೋಡಿ. ಸಾವಿರಕ್ಕೊಬ್ಬರಿಗೆ ಬರೋ ತೊಂದರೆ ಆ 255 ಜನರಲ್ಲಿ ಒಬ್ಬರಲ್ಲೂ ಕಾಣದೇ ಇರೋ ಸಾಧ್ಯತೆ ನಾಲ್ಕರಲ್ಲಿ ಮೂರು ಪಾಲಿಗಿಂತ ಹೆಚ್ಚು. ಹಾಗಾಗಿ ಅಪರೂಪದ್ದೆಲ್ಲ ಗೊತ್ತಾಗೋದು ಮಾತ್ರೆ ಮಾರುಕಟ್ಟೆಗೆ ಬಂದಮೇಲೇ. ನಮ್ಮನಿಮ್ಮ ಮನೆಗಳಲ್ಲಿ.

ಅಲ್ಲೇ ನನಗೆ ಸಿಟ್ಟು ಬರೋದು. ಡ್ರಿಪ್ ಹಾಕಿಸ್ಕೊಳ್ಳೋರನ್ನ ನೋಡಕ್ಕೆ ಪಕ್ಕದಲ್ಲಿ ನರ್ಸ್ ಇರ್ತಾರೆ. ಮಾತ್ರೆಯವರು ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೋ ಇನ್ನೆಲ್ಲಿಗೋ ಬಂದು, ತಿಂಗಳ ಮಾತ್ರೆ ತಗೊಂಡು, ರಾತ್ರಿ ಬಸ್ಸಿಗೆ ರಾಯಚೂರು ಸೇರ್ತಾರೆ. ಅಲ್ಲಿ ಕೆಮ್ಮು ಶುರುವಾದ್ರೆ ಊರಿನ ಡಾಕ್ಟ್ರು ಆಂಟಿಬಯಾಟಿಕ್ ಕೊಡ್ತಾರೆ. ಅವರ ತಪ್ಪು ಅಂತ ಹೇಗೆ ಹೇಳೋದು? ಯಾವ ಮಾತ್ರೆ ಅಂತ ಅವರಿಗೆ ಯಾರೂ ಹೇಳಿರಲ್ಲ.

ಅದಕ್ಕಿಂತ ದೊಡ್ಡದು, ನಮ್ಮ ಮನೆಗಳಲ್ಲಿ ಎಷ್ಟೋ ಸಲ ರೋಗಿಗೇ ಹೇಳಿರಲ್ಲ. "ಅಪ್ಪಂಗೆ ಕ್ಯಾನ್ಸರ್ ಅಂತ ಹೇಳ್ಬೇಡಿ ಡಾಕ್ಟ್ರೇ, ಎದೆಗುಂದಿಬಿಡ್ತಾರೆ." ಪ್ರೀತಿಯಿಂದಾನೇ ಹೇಳೋದು, ಒಪ್ಕೊಳ್ತೀನಿ. ಆದ್ರೆ ಉಸಿರು ಕಟ್ಟೋದು ಅಪ್ಪಂಗೆ. ಬೆಳಗ್ಗೆ ನುಂಗಿದ ಮಾತ್ರೆಗೂ ಈ ಉಸಿರಿಗೂ ನಂಟಿರಬಹುದು ಅಂತ ಅವರು ಊಹಿಸೋದಾದ್ರೂ ಹೇಗೆ? ಹೇಳಿದ್ರೆ ಹೆದರಿ ಮಾತ್ರೆ ಬಿಟ್ಟುಬಿಡ್ತಾರೆ ಅನ್ನೋ ವಾದ ಇದೆ. ನಂಗೆ ಅದು ಒಪ್ಪಿಗೆ ಇಲ್ಲ. ತಾವಾಗೇ ನಿಲ್ಲಿಸಬೇಡಿ, ಆದ್ರೆ ಉಸಿರು ಕೆಟ್ರೆ ಅವತ್ತೇ ಫೋನ್ ಮಾಡಿ ಅಂತ ಎರಡೂ ಸೇರಿಸಿ ಹೇಳ್ಬೋದಲ್ಲ? ಸ್ಕ್ಯಾನ್ ಮಾಡಿಸಿ, ಮಾತ್ರೆ ನಿಲ್ಲಿಸ್ಬೇಕೋ ಬೇಡ್ವೋ ಅಂತ ಕ್ಯಾನ್ಸರ್ ಡಾಕ್ಟ್ರು ನೋಡ್ಕೊಳ್ತಾರೆ.

ಅಂದಹಾಗೆ, ದೇವನಹಳ್ಳಿ ಚಕ್ಕೋತ ಇಷ್ಟ ಇರೋರು ಒಂದು ಮಾತು ಕೇಳಿಕೊಳ್ಳಿ. ಇಂಥ ಹಲವು ಮಾತ್ರೆಗಳ ಜೊತೆ ಗ್ರೇಪ್‌ಫ್ರೂಟ್ ಬೇಡ ಅಂತಾರೆ, ರಕ್ತದಲ್ಲಿ ಔಷಧಿ ಪ್ರಮಾಣ ಏರುತ್ತೆ ಅಂತ. ಆ ಗ್ರೇಪ್‌ಫ್ರೂಟ್ ಹುಟ್ಟಿದ್ದೇ ಚಕ್ಕೋತ ಮತ್ತು ಕಿತ್ತಳೆಯ ಮಿಶ್ರಣದಿಂದ. ಹಾಗಾಗಿ ಚಕ್ಕೋತ ತಿನ್ನೋಕೆ ಮುಂಚೆ ಡಾಕ್ಟ್ರನ್ನ ಒಂದು ಮಾತು ಕೇಳಿ.

ಇನ್ನು, ಅಡ್ಡಪರಿಣಾಮ ವರದಿ ಮಾಡೋದು ಡಾಕ್ಟ್ರ ಕೆಲಸ ಮಾತ್ರ ಅಲ್ಲ. ಔಷಧಿಗಳ ಅಡ್ಡಪರಿಣಾಮದ ಮೇಲೆ ಕಣ್ಣಿಡೋ ಕೇಂದ್ರ ಸರ್ಕಾರದ ಫಾರ್ಮಕೋವಿಜಿಲೆನ್ಸ್ ಕಾರ್ಯಕ್ರಮ 2010ರಿಂದ ಇದೆ, ರೋಗಿಯ ಮನೆಯವರೂ ಹೇಳ್ಬೋದು. ಟೋಲ್‌ಫ್ರೀ ನಂಬರ್ 1800-180-3024. ಫೋನ್ ಮಾಡೋಕೆ ಮುಂಚೆ ಮಾತ್ರೆ ಹೆಸರು, ಶುರು ಮಾಡಿದ ದಿನ, ತೊಂದರೆ ಕಾಣಿಸಿದ ದಿನ ಒಂದು ಚೀಟಿಲಿ ಬರ್ಕೊಳ್ಳಿ. ಅದೇ ಚೀಟಿನ ಊರಿನ ಡಾಕ್ಟ್ರಿಗೂ ತೋರ್ಸಿ.