ಪುರೋಹಿತರ ಚೀಲದಲ್ಲಿರೋ ಆ ಪುಡಿ

ನಮಸ್ಕಾರ. ಇವತ್ತು ನಾನು ಮಾತಾಡ್ತಿರೋದು ಪುರೋಹಿತರ ಜೊತೆ, ದೇವಸ್ಥಾನದ ಅರ್ಚಕರ ಜೊತೆ, ಅವರಿಗಿಂತ ಹೆಚ್ಚಾಗಿ ಅವರ ಮನೆಯವರ ಜೊತೆ. ನಮ್ಮಪ್ಪ 40 ವರ್ಷದಿಂದ ಪೌರೋಹಿತ್ಯ ಮಾಡ್ತಿದ್ದಾರೆ. ಅವರಿಗೆ ಸಕ್ಕರೆ ಕಾಯಿಲೆ ಇದೆ.

ಒಂದು ಗೃಹಪ್ರವೇಶದ ದಿನ ನಾನೂ ಜೊತೆಗಿದ್ದೆ. ಅಪ್ಪ ಬೆಳಗಿನ ಜಾವ 3 ಗಂಟೆಗೆ ಎದ್ದಿದ್ರು. ಗಣಹೋಮ, ವಾಸ್ತುಹೋಮ ಮುಗಿಯೋ ಹೊತ್ತಿಗೆ ಹತ್ತೂವರೆ. ಸತ್ಯನಾರಾಯಣ ಪೂಜೆಗೆ ಸಂಕಲ್ಪ ಶುರು ಮಾಡಿದ್ರು, ಸಂವತ್ಸರದ ಹೆಸರು ಬಾಯಿಗೆ ಬರಲಿಲ್ಲ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದ್ರೂ ಹೇಳೋ ಮನುಷ್ಯ. ಹಣೆ ತುಂಬ ಬೆವರು, ಉದ್ಧರಣೆ ಹಿಡಿದ ಕೈ ನಡುಗ್ತಿತ್ತು. ಹೋಮದ ಝಳ ಅಂದ್ಕೊಂಡ್ವಿ. ಆ ಮನೆಯ ಅಜ್ಜಿಯ ಹತ್ರ ಗ್ಲುಕೋಮೀಟರ್ ಇತ್ತು, ಅದರಲ್ಲಿ ನೋಡಿದ್ರೆ 54. ಸಕ್ಕರೆ 70ಕ್ಕಿಂತ ಕೆಳಗಿಳಿದರೇ ಅಪಾಯ. ಪಂಚಾಮೃತದ ಜೇನು, ಸಕ್ಕರೆ ಅವರ ಮೊಣಕಾಲ ಪಕ್ಕದಲ್ಲೇ ಇತ್ತು. ನೈವೇದ್ಯ ಆಗದೆ ಮುಟ್ಟಲ್ಲ ಅಂತ ತಲೆ ಅಲ್ಲಾಡಿಸಿದ್ರು. ಅಜ್ಜಿ ಅಡುಗೆಮನೆಯಿಂದ ಸಕ್ಕರೆ ನೀರು ತಂದು ಗದರಿಸಿ ಕುಡಿಸಿದ್ರು. ಆ ತಾಯಿಗೆ ನಾನು ಇವತ್ತಿಗೂ ಮನಸ್ಸಲ್ಲೇ ಕೈ ಮುಗೀತೀನಿ.

ಆಗಿದ್ದೇನು ಅಂದ್ರೆ, ಗ್ಲಿಮೆಪಿರೈಡ್ ಅನ್ನೋ ಮಾತ್ರೆಯನ್ನ ಬೆಳಗಿನ ಮೊದಲ ಆಹಾರದ ಜೊತೆ ತಗೋಬೇಕು. ಹೊಟ್ಟೇಲಿ ಏನೂ ಇಲ್ಲದಿದ್ರೂ ಅದು ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸ್ತಾನೇ ಇರುತ್ತೆ. ಅಪ್ಪ ಅದನ್ನ ಸ್ನಾನವಾದ ಕೂಡಲೇ ನುಂಗಿದ್ರು, ಊಟ ಎರಡು ಗಂಟೆಗೆ. ಸಾಲದ್ದಕ್ಕೆ ಯಾರೋ ಮದುವೆ ಮನೆಯಲ್ಲಿ ಕೊಟ್ಟ ಪುಡಿ ಬೇರೆ: ಮೆಂತ್ಯ, ಹಾಗಲಕಾಯಿ, ನೇರಳೆ ಬೀಜ, ಮಧುನಾಶಿನಿ. ಒಂದು ತಿಂಗಳಿಂದ ದಿನಾ ಎರಡು ಚಮಚ. ಡಾಕ್ಟರಿಗೆ ಹೇಳಿರಲಿಲ್ಲ. ಯಾಕಪ್ಪಾ ಅಂದ್ರೆ, "ಅದೇನು ಔಷಧೀನಾ, ಗಿಡಮೂಲಿಕೆ ತಾನೆ" ಅಂದ್ರು.

ನನ್ನ ಜಗಳ ಇರೋದು ಈ ಮಾತಿನ ಜೊತೆ. ಆ ಪುಡಿಗೆ ಸಕ್ಕರೆ ಇಳಿಸೋ ಶಕ್ತಿ ಇದ್ರೆ ಅದೂ ಔಷಧವೇ, ಮಾತ್ರೆಯ ಲೆಕ್ಕಕ್ಕೇ ಅದೂ ಸೇರಬೇಕು. ಶಕ್ತಿ ಇಲ್ಲದಿದ್ರೆ ದುಡ್ಡು ಕೊಟ್ಟು ಯಾಕೆ ತಗೋಬೇಕು?

ನಮ್ಮ ಮೂಲಿಕೆಗಳನ್ನ ನಾನು ಹಗುರ ಮಾಡ್ತಿಲ್ಲ. ನೆನೆಸಿದ ಮೆಂತ್ಯ ಲೋಳೆಲೋಳೆ ಆಗುತ್ತಲ್ಲ, ಆ ನಾರಿನ ಅಂಶ ಊಟದ ಸಕ್ಕರೆ ರಕ್ತಕ್ಕೆ ಸೇರೋದನ್ನ ನಿಧಾನ ಮಾಡುತ್ತೆ. ದೋಸೆ ಹಿಟ್ಟಿಗೆ, ಗೊಜ್ಜಿಗೆ, ಹುಳಿಗೆ ಧಾರಾಳವಾಗಿ ಹಾಕಿ. ಆದರೆ ಅದರಿಂದ ಆಗೋ ಸಹಾಯ ಸಣ್ಣದು. ಮಧುನಾಶಿನಿ ಎಲೆ ಅಗಿದು ಸಕ್ಕರೆ ಬಾಯಿಗೆ ಹಾಕ್ಕೊಂಡ್ರೆ ಮರಳು ತಿಂದ ಹಾಗಿರುತ್ತೆ. ಎಲೆಯಲ್ಲಿರೋ ಅಂಶ ನಾಲಿಗೆಗೆ ಸಿಹಿ ಗೊತ್ತಾಗದ ಹಾಗೆ ಮಾಡುತ್ತೆ. ಜನ ಇದನ್ನೇ ನೋಡಿ ಬೆರಗಾಗಿ ರಕ್ತದ ಸಕ್ಕರೆಯೂ ಹೀಗೇ ಮಾಯವಾಯ್ತು ಅಂದ್ಕೊಳ್ತಾರೆ. ನಾಲಿಗೆಯ ಲೆಕ್ಕ ಬೇರೆ, ರಕ್ತದ ಲೆಕ್ಕ ಬೇರೆ.

ಇನ್ನು ಹೆಸರು, ಅಳತೆ ಇಲ್ಲದ ಪೊಟ್ಟಣಗಳು. ಬಾಸ್ಟನ್ ಸುತ್ತಮುತ್ತಲ ಅಂಗಡಿಗಳಲ್ಲಿ ಮಾರ್ತಿದ್ದ 70 ಆಯುರ್ವೇದ ತಯಾರಿಕೆಗಳನ್ನ ಪರೀಕ್ಷೆ ಮಾಡಿದಾಗ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ತು ಅಂತ 2004ರಲ್ಲಿ ವರದಿಯಾಯ್ತು. ಸಕ್ಕರೆ ಕಾಯಿಲೆಗೆ ಅಂತ ಮಾರೋ ಪುಡಿಯೊಳಗೆ ಇಂಗ್ಲಿಷ್ ಮಾತ್ರೆಯನ್ನೇ ಅರೆದು ಸೇರಿಸಿರೋದೂ ಸಿಕ್ಕಿಬಿದ್ದಿದೆ. "ಸಕ್ಕರೆ ಕಾಯಿಲೆ ವಾಸಿ ಮಾಡ್ತೀವಿ" ಅಂತ ಜಾಹೀರಾತು ಕೊಡೋದನ್ನೇ ನಮ್ಮ ದೇಶದಲ್ಲಿ 1954ರ ಕಾನೂನು ನಿಷೇಧಿಸಿದೆ. ಅಂಥ ಜಾಹೀರಾತು ಕಂಡ್ರೆ ಆ ಪೊಟ್ಟಣ ಮುಟ್ಟಬೇಡಿ.

ಪುರೋಹಿತರಿಗೆ ನಿಜವಾಗಿ ಬೇಕಾಗಬಹುದಾದ ಪೂರಕ ಒಂದಿದೆ, ಅದರ ಬಗ್ಗೆ ಯಾರೂ ಮಾತಾಡಲ್ಲ: ವಿಟಮಿನ್ ಬಿ12. ಸಸ್ಯಾಹಾರಿಗಳಿಗೆ ಅದು ಸಿಗೋದು ಹೆಚ್ಚುಕಡಿಮೆ ಹಾಲು, ಮೊಸರಿಂದ ಮಾತ್ರ. ಮೆಟ್‌ಫಾರ್ಮಿನ್ ಅನ್ನೋ ಸಕ್ಕರೆ ಕಾಯಿಲೆ ಮಾತ್ರೆಯನ್ನ ವರ್ಷಗಟ್ಟಲೆ ತಗೊಂಡ್ರೆ ಅದು ಇನ್ನೂ ಕಡಿಮೆಯಾಗಬಹುದು. ಪಾದ ಜುಮ್ ಅನ್ನುತ್ತೆ, ಮರಗಟ್ಟುತ್ತೆ. ಚಕ್ಕಳಮಕ್ಕಳ ಹಾಕಿ ಕೂತು ಹೀಗಾಯ್ತು ಅಂದ್ಕೊಂಡು ಅಪ್ಪ ಎರಡು ವರ್ಷ ಸುಮ್ಮನಿದ್ರು. ಸಕ್ಕರೆಯಿಂದಲೂ ಜುಮ್ ಅನ್ನುತ್ತೆ, ಬಿ12 ಕೊರತೆಯಿಂದಲೂ ಅನ್ನುತ್ತೆ. ಪರೀಕ್ಷೆ ಮಾಡಿಸಿದ್ರೇ ಗೊತ್ತಾಗೋದು. ಜೊತೆಗೆ ಮೂರು ತಿಂಗಳ ಸರಾಸರಿ ಸಕ್ಕರೆ, ಅಂದ್ರೆ ಎಚ್‌ಬಿಎ1ಸಿ ಕೂಡ ನೋಡಿಸಿ. ಅದು 6.5 ಅಥವಾ ಮೇಲಿದ್ರೆ ಸಕ್ಕರೆ ಕಾಯಿಲೆ, 5.7ರಿಂದ 6.4 ಇದ್ರೆ ಹೊಸ್ತಿಲ ಮೇಲೆ ನಿಂತಿದ್ದೀರಿ. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್ ದಾಟಬಾರದು, ಇದಕ್ಕೆ ಮನೆಯ ಟೇಪೇ ಸಾಕು.

ಊಟದ್ದು ಇನ್ನೂ ಕಷ್ಟ. ಸಪಾದ ಅನ್ನೋದೇ ರವೆ, ತುಪ್ಪ, ಸಕ್ಕರೆ, ಹಾಲು, ಬಾಳೆಹಣ್ಣು. ಪ್ರಸಾದ ಬೇಡ ಅನ್ನಿ ಅಂತ ನಾನು ಯಾವತ್ತೂ ಹೇಳಲ್ಲ. ಕಣ್ಣಿಗೊತ್ತಿಕೊಂಡು ಒಂದು ಬೆರಳಷ್ಟು ತಗೊಳ್ಳಿ, ದೊನ್ನೆ ತುಂಬ ಬೇಡ. ಎಲೆ ಮುಂದೆ ಕೂತಾಗ ಕೋಸಂಬರಿ, ಪಲ್ಯ ಮೊದಲು ತಿನ್ನಿ, ಅನ್ನ ಆಮೇಲೆ, ಅದೂ ಒಂದು ಸಲ ಬಡಿಸಿಕೊಂಡಿದ್ದಷ್ಟೇ. ಊಟವಾದ ಮೇಲೆ ಮುಂದಿನ ಮನೆಗೆ ಸ್ಕೂಟರ್ ಹತ್ತೋಕೆ ಮುಂಚೆ ಹತ್ತು ನಿಮಿಷ ನಡೀರಿ. ಪುಡಿಗಿಂತ ಇದನ್ನ ನಾನು ಹೆಚ್ಚು ನಂಬ್ತೀನಿ.

ಉಪವಾಸದ ಮಾತು ಬಂದ್ರೆ, ವ್ರತವನ್ನ ಕೆಡಿಸದ ಎಂಟು ಅಂತ ಒಂದು ಶ್ಲೋಕವಿದೆ, ನಿಮಗೆ ಬಾಯಿಪಾಠ ಇರುತ್ತೆ. ನೀರು, ಗೆಡ್ಡೆ, ಹಣ್ಣು, ಹಾಲು, ಹವಿಸ್ಸು, ಬ್ರಾಹ್ಮಣರ ಇಚ್ಛೆ, ಗುರುವಿನ ಮಾತು, ಕೊನೆಗೆ ಔಷಧ. ಅಪ್ಪನಿಗೆ ನಾನು ಇದನ್ನೇ ನೆನಪು ಮಾಡಿದೆ. ಸ್ವಲ್ಪ ಹೊತ್ತು ಸುಮ್ಮನಿದ್ರು. ಆಮೇಲೆ ಡಾಕ್ಟರ್ ಹತ್ರ ಬಂದ್ರು, ಪುಡಿಯ ಡಬ್ಬಿಯನ್ನೂ ತಂದ್ರು. ಪೂಜೆಯ ದಿನ, ಏಕಾದಶಿಯ ದಿನ ಯಾವ ಮಾತ್ರೆ ಯಾವಾಗ ಅಂತ ಬರೆಸಿಕೊಂಡ್ವಿ. ಅದು ಒಬ್ಬೊಬ್ಬರಿಗೆ ಒಂದೊಂದು ಥರ, ನಿಮ್ಮದನ್ನ ನಿಮ್ಮ ಡಾಕ್ಟರೇ ಹೇಳಬೇಕು.

ಈಗ ಯಾರಾದ್ರೂ ಮುಹೂರ್ತ ಕೇಳಿ ಫೋನ್ ಮಾಡಿದ್ರೆ ಅಪ್ಪ ಸಾಮಗ್ರಿ ಪಟ್ಟಿ ಬರೆಸ್ತಾರೆ. ಅರಿಶಿನ, ಕುಂಕುಮ, ವೀಳ್ಯದೆಲೆ, ಅಡಿಕೆ, ತುಪ್ಪ, ಸಮಿತ್ತು. ಕೊನೆಗೆ ಒಂದು ಸಾಲು: "ಎಂಟು ಗಂಟೆಗೆ ಪುರೋಹಿತರಿಗೆ ಒಂದು ಲೋಟ ಹಾಲು, ಎರಡು ಹಣ್ಣು." ಇಲ್ಲಿತನಕ ಒಬ್ಬರೂ ಯಾಕೆ ಅಂತ ಕೇಳಿಲ್ಲ.