ಮೈಕಿಗೆ ತುಟಿ ತಾಗಿದಾಗ

ಕೇಳುಗರಿಗೆ ನಮಸ್ಕಾರ.

ಎಲೆಕ್ಟ್ರಿಕ್ ಗಿಟಾರ್ ಹಿಡಿದು ಮೈಕಿನ ಮುಂದೆ ಹಾಡುವ ಯಾರನ್ನಾದರೂ ಕೇಳಿ ನೋಡಿ: ಹಾಡುವಾಗ ತುಟಿಗೆ ಝುಮ್ ಎಂದು ಹೊಡೆದದ್ದುಂಟೇ? "ಓ, ಅದು ಮಾಮೂಲಿ" ಎಂದು ಬಿಡುತ್ತಾರೆ. ಇಪ್ಪತ್ತು ವರ್ಷಕ್ಕೂ ಮೇಲೆ ಆಂಪ್ಲಿಫೈಯರ್ ರಿಪೇರಿ ಮಾಡಿಕೊಂಡು ಬಂದಿರುವ ನನ್ನನ್ನು ಈ ಒಂದು ಮಾತು ಹೆದರಿಸುವಷ್ಟು ಬೇರೇನೂ ಹೆದರಿಸುವುದಿಲ್ಲ. ತುಟಿಗೆ ಝುಮ್ ಎನ್ನುವುದು ಮಾಮೂಲಿಯಲ್ಲ. ಎಲ್ಲೋ ಒಂದು ತಂತಿ ಕಡಿದಿದೆ, ಇಲ್ಲವೇ ಯಾರೋ ಅದನ್ನು ಕಡಿದಿದ್ದಾರೆ.

ತುಟಿಗೇ ಏಕೆ ಹೊಡೆಯುತ್ತದೆ ಎಂಬುದನ್ನು ಮೊದಲು ಹೇಳುತ್ತೇನೆ. ಗಿಟಾರಿನ ಲೋಹದ ತಂತಿಗಳು ಕೂತಿರುವ ಬ್ರಿಡ್ಜ್‌ನ ಅಡಿಯಿಂದ ಒಂದು ಸಣ್ಣ ವೈರು ಒಳಗೆ ಹೋಗಿರುತ್ತದೆ. ಅದು ಕೇಬಲ್ ಸಿಕ್ಕಿಸುವ ಜಾಕಿಗೆ ಸೇರಿ, ಕೇಬಲ್ಲಿನ ಹೊರ ಹೆಣಿಗೆಯ ಮೂಲಕ ಆಂಪ್ಲಿಫೈಯರಿನ ಷಾಸಿಗೆ, ಎಂದರೆ ಅದರ ಲೋಹದ ಒಡಲಿಗೆ ತಲುಪುತ್ತದೆ. ಗುಂಯ್ ಎನ್ನುವ ಸದ್ದು ತಗ್ಗಲಿ ಎಂದು ಮಾಡಿದ ವ್ಯವಸ್ಥೆ ಇದು. ಹೀಗಾಗಿ ತಂತಿ ಮೀಟುವವನು ಷಾಸಿಯನ್ನೇ ಹಿಡಿದಂತೆ. ಮೈಕಿನ ಜಾಲರಿಯೂ ತನ್ನ ಕೇಬಲ್ಲಿನ ಮೂಲಕ, ಎಲ್ಲ ಧ್ವನಿಗಳನ್ನೂ ಬೆರೆಸುವ ಮಿಕ್ಸರಿಗೆ, ಅಲ್ಲಿಂದ ಭೂಮಿಗೆ ಸೇರಿರುತ್ತದೆ. ಎರಡೂ ಸರಿಯಾಗಿ ಭೂಮಿಗೆ ಸೇರಿದ್ದರೆ ಅವುಗಳ ನಡುವೆ ವೋಲ್ಟೇಜ್ ಇರುವುದಿಲ್ಲ. ಒಂದು ಕಡೆಯ ಅರ್ಥಿಂಗ್ ಕಡಿದು, ಅದರ ಷಾಸಿಗೆ ಕರೆಂಟ್ ತಾಗಿತೆಂದು ಇಟ್ಟುಕೊಳ್ಳಿ. ಕೈ ಒಂದು ತುದಿ, ಒದ್ದೆ ತುಟಿ ಇನ್ನೊಂದು ತುದಿ, ನಡುವೆ ಎದೆ.

1972ರ ಮೇ ತಿಂಗಳು. ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದ ಸ್ವಾನ್ಸಿ ಊರಿನ ಸಭಾಂಗಣವೊಂದರಲ್ಲಿ ಸ್ಟೋನ್ ದ ಕ್ರೋಸ್ ಎಂಬ ತಂಡದ ಸಂಗೀತ ಕಛೇರಿ. ಗಿಟಾರ್ ವಾದಕ ಲೆಸ್ ಹಾರ್ವೆ ಅರ್ಥಿಂಗ್ ಇಲ್ಲದ ಮೈಕನ್ನು ಮುಟ್ಟಿದ. ವೇದಿಕೆಯ ಮೇಲೆಯೇ ಕುಸಿದ, ಮತ್ತೆ ಏಳಲಿಲ್ಲ. ಆಗ ಅವನಿಗೆ 27 ವರ್ಷ. ನಾಲ್ಕು ವರ್ಷಗಳ ನಂತರ, 1976ರ ಮೇ ತಿಂಗಳಲ್ಲೇ, ಯಾರ್ಡ್‌ಬರ್ಡ್ಸ್ ತಂಡದಲ್ಲಿ ಹಾಡುತ್ತಿದ್ದ ಕೀತ್ ರೆಲ್ಫ್ ತನ್ನ ಮನೆಯಲ್ಲಿ ಗಿಟಾರ್ ನುಡಿಸುತ್ತಿದ್ದಾಗ ಇದೇ ರೀತಿ ಸತ್ತ. ಅಲ್ಲಿ ಮಳೆಯಿರಲಿಲ್ಲ, ಪೆಂಡಾಲ್ ಇರಲಿಲ್ಲ, ಅವಸರದ ವೈರಿಂಗ್ ಕೂಡ ಇರಲಿಲ್ಲ. ಅದು ಅವನ ಮನೆ. ಇದು ನನ್ನನ್ನು ಹೆಚ್ಚು ಕಾಡುತ್ತದೆ.

ಬದುಕಿ ಉಳಿದವರೂ ಇದ್ದಾರೆ. 1965ರ ಡಿಸೆಂಬರಿನಲ್ಲಿ ಅಮೆರಿಕದ ಸ್ಯಾಕ್ರಮೆಂಟೊ ನಗರದಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ ಕೀತ್ ರಿಚರ್ಡ್ಸ್ ಅವರ ಗಿಟಾರ್ ಮೈಕಿನ ಸ್ಟ್ಯಾಂಡಿಗೆ ತಾಗಿ ಅವರು ಪ್ರಜ್ಞೆ ತಪ್ಪಿ ಬಿದ್ದರು. ಷೂಗಳ ರಬ್ಬರ್ ಅಡಿ ಅವರನ್ನು ಉಳಿಸಿತೆಂದು ಹೇಳುತ್ತಾರೆ. ಈ ಕತೆ ಕೇಳಿದವರು ರಬ್ಬರ್ ಚಪ್ಪಲಿ ಹಾಕಿಕೊಂಡರೆ ಸಾಕು ಎಂದುಕೊಳ್ಳುತ್ತಾರೆ. ದಯವಿಟ್ಟು ಹಾಗೆ ನಂಬಬೇಡಿ. ಕಾಲಿನ ಮೂಲಕ ಭೂಮಿಗೆ ಇಳಿಯುವ ಕರೆಂಟನ್ನು ಚಪ್ಪಲಿ ತಡೆದೀತು. ಕೈಯಿಂದ ತುಟಿಗೆ ಹರಿಯುವ ಕರೆಂಟಿಗೆ ಕಾಲಿನ ಹಂಗೇ ಇಲ್ಲ.

ಎಷ್ಟು ಕರೆಂಟ್ ಅಪಾಯ? ಒಂದು ಮಿಲಿಆಂಪಿಯರ್ ಹರಿದರೆ ಝುಮ್ ಎನ್ನುತ್ತದೆ. ಹತ್ತು ದಾಟಿತೆಂದರೆ ಸ್ನಾಯು ಬಿಗಿದುಕೊಂಡು, ಹಿಡಿದದ್ದನ್ನು ಬಿಡಲಾಗದ ಸ್ಥಿತಿ ಬರುತ್ತದೆ. ಗಿಟಾರಿನ ಕುತ್ತಿಗೆ ಹಿಡಿದ ಕೈ ಅಲ್ಲೇ ಅಂಟಿಕೊಂಡಂತಾಗುತ್ತದೆ. ಐವತ್ತರಿಂದ ನೂರರ ಸುಮಾರಿಗೆ ಹೃದಯ ತಾಳ ತಪ್ಪಿ ಅದುರತೊಡಗಬಹುದು. ನೂರು ಮಿಲಿಆಂಪಿಯರ್ ಎಂದರೆ ಹಳೆಯ ಕಾಲದ ಸೊನ್ನೆ ಬಲ್ಬು, ಅದೇ ನೈಟ್ ಲ್ಯಾಂಪು, ಉರಿಯಲು ಬೇಕಾದುದರ ಒಂದೂವರೆ ಎರಡು ಪಟ್ಟು, ಅಷ್ಟೇ.

ಈಗ ನನ್ನ ಮೇಜಿನ ಮೇಲೆ ಬಂದ ಒಂದು ಪೆಟ್ಟಿಗೆಯ ವಿಷಯ. ಒಂದು ಮಳೆಗಾಲದಲ್ಲಿ ಕಾಲೇಜು ಹುಡುಗನೊಬ್ಬ ಆಟೋದಲ್ಲಿ ಹಳೆಯ ವಾಲ್ವ್ ಆಂಪ್ಲಿಫೈಯರ್ ತಂದ. ಅಮೆರಿಕದಲ್ಲಿರುವ ಚಿಕ್ಕಪ್ಪ ಪ್ರೀತಿಯಿಂದ ಕಳಿಸಿಕೊಟ್ಟದ್ದು. "ಅಣ್ಣಾ, ನಾದ ಅಂದರೆ ನಾದ. ಸ್ವಲ್ಪ ಝುಮ್ ಎನ್ನುತ್ತದೆ, ಅದೊಂದು ನೋಡಿ" ಎಂದ. ಪ್ಲಗ್ಗಿಗೆ ಎರಡೇ ಚಪ್ಪಟೆ ಪಿನ್ನು. ಅಮೆರಿಕದಲ್ಲಿ ಮನೆಯ ವಿದ್ಯುತ್ತು 120 ವೋಲ್ಟ್, ನಮ್ಮಲ್ಲಿ 230. ಆದ್ದರಿಂದ ಜೊತೆಗೆ ಅಗ್ಗದ ಒಂದು ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್. ಅದಕ್ಕೂ ಎರಡೇ ಪಿನ್ನು.

ಹಿಂಬದಿಯ ಹಲಗೆ ಬಿಚ್ಚಿದೆ. ಕಿರುಬೆರಳಿನ ಗಾತ್ರದ ಕಂದು ಬಣ್ಣದ ಕೆಪ್ಯಾಸಿಟರ್, ಎಂದರೆ ವಿದ್ಯುತ್ತನ್ನು ಹಿಡಿದಿಡುವ ಬಿಡಿಭಾಗ, ಒಂದು ಪವರ್ ವೈರಿನಿಂದ ನೇರವಾಗಿ ಷಾಸಿಗೆ ಬೆಸುಗೆಯಾಗಿತ್ತು. ಅದರ ಒಂದು ತುದಿಯಲ್ಲಿ ಕೂದಲೆಳೆಯಷ್ಟು ಬಿರುಕು, ಬಿರುಕಿನಲ್ಲಿ ಮೇಣದಂಥ ಜಿಗುಟು. ಮೂರು ಪಿನ್ನಿನ ಪ್ಲಗ್ಗು ರೂಢಿಗೆ ಬರುವ ಮುಂಚಿನ ಅಮೆರಿಕದ ಆಂಪ್ಲಿಫೈಯರುಗಳಲ್ಲಿ ಗುಂಯ್ ಸದ್ದು ಅಡಗಿಸಲು ಹೀಗೆ ಹಾಕುತ್ತಿದ್ದರು. ಕೆಪ್ಯಾಸಿಟರ್ ಚೆನ್ನಾಗಿದ್ದರೆ ಎರಡು ಮೂರು ಮಿಲಿಆಂಪಿಯರ್ ಮಾತ್ರ ಸೋರುತ್ತದೆ. ಹುಡುಗ ಹೇಳುವ ಝುಮ್ ಅದೇ. ಅದು ಒಳಗೇ ಶಾರ್ಟ್ ಆದ ದಿನ ಇಡೀ ಷಾಸಿ, ಅದರೊಂದಿಗೆ ಗಿಟಾರಿನ ತಂತಿಗಳೂ ನೇರವಾಗಿ ಮೇನ್ಸ್‌ಗೆ ಸೇರುತ್ತವೆ. ಆ ದೇಶದ ರಿಪೇರಿಯವರು ಇದನ್ನು ಡೆತ್ ಕ್ಯಾಪ್ ಎಂದೇ ಕರೆಯುತ್ತಾರೆ, ಸಾವಿನ ಕೆಪ್ಯಾಸಿಟರ್. ಹೆಸರು ಅತಿಯಾಯಿತು ಎಂದು ನನಗೆ ಯಾವತ್ತೂ ಅನಿಸಿಲ್ಲ.

ಟ್ರಾನ್ಸ್‌ಫಾರ್ಮರಿನ ಕತೆ ಇನ್ನೂ ಕೆಟ್ಟದ್ದು. ಅಗ್ಗದ ಸ್ಟೆಪ್‌ಡೌನ್‌ಗಳಲ್ಲಿ ಸಾಮಾನ್ಯವಾಗಿ ಒಂದೇ ಸುರುಳಿ ಇರುತ್ತದೆ; ಒಳಬರುವ ಕರೆಂಟಿಗೂ ಹೊರಹೋಗುವ ಕರೆಂಟಿಗೂ ನಡುವೆ ಬೇರ್ಪಡೆಯೇ ಇಲ್ಲ. ಎರಡು ಪಿನ್ನಿನ ಪ್ಲಗ್ಗನ್ನು ತಿರುಗಿಸಿ ಸಿಕ್ಕಿಸಿದರೆ, 120 ವೋಲ್ಟ್ ಎಂದು ನಾವು ನೆಚ್ಚಿಕೊಂಡ ಎರಡು ತುದಿಗಳಲ್ಲಿ ಒಂದು, ಭೂಮಿಗೆ ಹೋಲಿಸಿದರೆ 230 ವೋಲ್ಟ್‌ನಲ್ಲಿ ಕೂತಿರುತ್ತದೆ. ಹುಡುಗ ಸಿಕ್ಕಿಸುತ್ತಿದ್ದಂತೆಯೇ ಸಿಕ್ಕಿಸಿ, ಷಾಸಿಗೂ ಅರ್ಥಿಂಗಿಗೂ ಮೀಟರ್ ಹಿಡಿದೆ. 200 ದಾಟಿತು. ಅವನ ಮುಖ ನೋಡಿದೆ. "ಮೈಕ್ ಇಟ್ಟುಕೊಂಡು ಹಾಡಿದ್ದೀಯಾ?" ಎಂದೆ. "ಇಲ್ಲಣ್ಣಾ, ಬರುವ ಶನಿವಾರ ಕಾಲೇಜಿನಲ್ಲಿ ಮೊದಲ ಸಲ" ಎಂದ. ಆ ದಿನ ಬುಧವಾರ.

ಆ ಕೆಪ್ಯಾಸಿಟರನ್ನು ಕತ್ತರಿಸಿ ತೆಗೆದೆ. ಬದಲಿಗೆ ಏನನ್ನೂ ಹಾಕಲಿಲ್ಲ. ಮೂರು ತಂತಿಯ ಕೇಬಲ್ ಹಾಕಿ, ಹಸಿರು ತಂತಿಯನ್ನು ಷಾಸಿಗೆ ಅದರದ್ದೇ ಆದ ಬೋಲ್ಟಿನಲ್ಲಿ ಬಿಗಿದೆ. ಎರಡು ಸುರುಳಿ ಬೇರೆ ಬೇರೆ ಇರುವ, ಅರ್ಥಿಂಗ್ ಮುಂದಕ್ಕೆ ಸಾಗುವ ಟ್ರಾನ್ಸ್‌ಫಾರ್ಮರ್ ಕೊಡಿಸಿದೆ. ಇದನ್ನು ಕೇಳಿ ನೀವೇ ಮನೆಯಲ್ಲಿ ಸ್ಕ್ರೂಡ್ರೈವರ್ ಹಿಡಿಯಬೇಡಿ. ವಾಲ್ವ್ ಆಂಪ್ಲಿಫೈಯರಿನ ಫಿಲ್ಟರ್ ಕೆಪ್ಯಾಸಿಟರುಗಳಲ್ಲಿ ಪ್ಲಗ್ ಕಿತ್ತ ಮೇಲೂ 400 ವೋಲ್ಟ್ ಆಸುಪಾಸು ಉಳಿದಿರಬಹುದು.

ಇನ್ನು ನಮ್ಮ ರಸಮಂಜರಿ ಕಾರ್ಯಕ್ರಮಗಳ ಕಡೆ ಬರೋಣ. ಗಣಪತಿ ಪೆಂಡಾಲಿನಲ್ಲಿ ಕೀಬೋರ್ಡ್, ಗಿಟಾರ್, ರಿದಂ ಪ್ಯಾಡ್ ಎಲ್ಲ ಜೋಡಿಸಿ ಆನ್ ಮಾಡಿದೊಡನೆ ಸ್ಪೀಕರಿನಲ್ಲಿ ಗುಂಯ್ ಎನ್ನುತ್ತದೆ. ಸಭಿಕರು ಬಂದು ಕೂತಾಗಿದೆ. ಆಗ ಯಾರೋ ಒಬ್ಬ ಕಟಿಂಗ್ ಪ್ಲೇಯರ್ ತೆಗೆದು ಪ್ಲಗ್ಗಿನ ಮೇಲಿನ ದಪ್ಪ ಪಿನ್ನನ್ನು ಕಿತ್ತುಹಾಕುತ್ತಾನೆ. ಸದ್ದು ಅಡಗುತ್ತದೆ, ಎಲ್ಲರೂ ಅವನನ್ನು ಮೆಚ್ಚುತ್ತಾರೆ. ಆ ಪಿನ್ನು ಉಳಿದೆರಡಕ್ಕಿಂತ ಉದ್ದ ಏಕೆ ಗೊತ್ತೇ? ಕರೆಂಟ್ ಒಳಗೆ ಬರುವ ಮುನ್ನ ಅರ್ಥಿಂಗ್ ಸೇರಿರಬೇಕು, ಕೀಳುವಾಗ ಅದೇ ಕೊನೆಗೆ ಬಿಡಬೇಕು ಎಂದು. ಅದಿದ್ದರೆ, ಷಾಸಿಗೆ ಕರೆಂಟ್ ತಾಗಿದ ಕ್ಷಣ ಹೇರಳವಾಗಿ ಭೂಮಿಗೆ ಹರಿದು ಫ್ಯೂಸ್ ಹೋಗುತ್ತದೆ. ಅದಿಲ್ಲದಿದ್ದರೆ ಫ್ಯೂಸಿಗೆ ಏನೂ ತಿಳಿಯುವುದಿಲ್ಲ. ಗಾಯಕ ಬಂದು ಮುಟ್ಟುವ ತನಕ ಕರೆಂಟ್ ಅಲ್ಲೇ ಕಾದಿರುತ್ತದೆ.

ಗುಂಯ್ ಸದ್ದಿಗೆ ಬೇರೆ ಮದ್ದಿದೆ. ಎರಡು ಉಪಕರಣಗಳು ಬೇರೆ ಬೇರೆ ಜಾಗದಲ್ಲಿ ಅರ್ಥ್ ಆಗಿ, ಸಿಗ್ನಲ್ ಕೇಬಲ್ಲಿನ ಮೂಲಕ ಒಂದು ಸುತ್ತು ಏರ್ಪಟ್ಟಾಗ ಆ ಸದ್ದು ಹುಟ್ಟುತ್ತದೆ. ವೇದಿಕೆಯ ಎಲ್ಲಾ ವಾದ್ಯಗಳಿಗೂ ಒಂದೇ ಬೋರ್ಡಿನಿಂದ ಕರೆಂಟ್ ಕೊಡಿ. ಆಗಲೂ ಉಳಿದರೆ ವಾದ್ಯಕ್ಕೂ ಮಿಕ್ಸರಿಗೂ ನಡುವೆ ಡಿಐ ಬಾಕ್ಸ್ ಎಂಬ ಪುಟ್ಟ ಪೆಟ್ಟಿಗೆ ಹಾಕಿ ಅದರ ಗ್ರೌಂಡ್ ಲಿಫ್ಟ್ ಗುಂಡಿ ಒತ್ತಿ. ಅದು ಸಿಗ್ನಲ್ಲಿನ ಸುತ್ತನ್ನು ಮಾತ್ರ ಕಡಿಯುತ್ತದೆ, ಪ್ರಾಣ ಕಾಯುವ ಅರ್ಥಿಂಗನ್ನು ಮುಟ್ಟುವುದಿಲ್ಲ.

ಸಂಘಟಕರಲ್ಲಿ ನನ್ನದೊಂದು ಬೇಡಿಕೆ. ಹೂವಿನ ಅಲಂಕಾರಕ್ಕೆ ಕೊಡುವ ಹಣದಲ್ಲಿ ಒಂದು ಪಾಲು ತೆಗೆದು ವೇದಿಕೆಯ ಬೋರ್ಡಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಎಂಬ ರಕ್ಷಣಾ ಸ್ವಿಚ್ ಹಾಕಿಸಿ. ಕರೆಂಟ್ ದಾರಿ ತಪ್ಪಿ ಸೋರಿದರೆ ಅದು ಕಣ್ಣು ಮಿಟುಕಿಸುವುದರೊಳಗೆ ಕಡಿದುಬಿಡುತ್ತದೆ. "ಗಿಟಾರ್ ಹಾಕಿದರೆ ಸಾಕು ಅದು ಟ್ರಿಪ್ ಆಗುತ್ತದೆ, ಕಿತ್ತು ನೇರ ಕೊಡಿ" ಎಂದು ಯಾರಾದರೂ ಹೇಳಿದರೆ, ಕಿತ್ತಿಡಬೇಕಾದದ್ದು ಆ ಆಂಪ್ಲಿಫೈಯರನ್ನು. ಹಾಡುವ ಮೊದಲು ಗಿಟಾರಿನ ತಂತಿಗೂ ಮೈಕಿನ ಜಾಲರಿಗೂ ನಡುವೆ ಮೀಟರನ್ನು ಎಸಿ ವೋಲ್ಟಿನಲ್ಲಿಟ್ಟು ನೋಡಲು ನಿಮಿಷ ಸಾಕು. ನಾಲ್ಕೈದು ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಕಾರಣ ತಿಳಿಯುವ ತನಕ ಯಾರೂ ಹಾಡುವುದು ಬೇಡ. ಟೆಸ್ಟರ್ ಉರಿಯಲಿಲ್ಲ ಎಂದ ಮಾತ್ರಕ್ಕೆ ಧೈರ್ಯ ತಂದುಕೊಳ್ಳಬೇಡಿ. ಉರಿದರೆ ಮಾತ್ರ ಅದರ ಮಾತು ಕೇಳಿ.

ಯಾರಾದರೂ ಕರೆಂಟಿಗೆ ಸಿಕ್ಕಿಕೊಂಡರೆ ಅವರನ್ನು ಮುಟ್ಟಿ ಎಳೆಯಬೇಡಿ. ಮೊದಲು ಮೇನ್ ಸ್ವಿಚ್ ಆರಿಸಿ. ಸ್ವಿಚ್ ದೂರವಿದ್ದರೆ ಒಣ ಮರದ ಕೋಲಿನಿಂದ ಗಿಟಾರನ್ನು, ಮೈಕನ್ನು ಅವರಿಂದ ಬಿಡಿಸಿ. ಉಸಿರಿಲ್ಲದಿದ್ದರೆ 108ಕ್ಕೆ ಕರೆ ಮಾಡಿಸಿ, ಎದೆಯ ನಡುವೆ ಎರಡೂ ಅಂಗೈ ಇಟ್ಟು, ಐದು ಸೆಂಟಿಮೀಟರ್ ಇಳಿಯುವಂತೆ, ನಿಮಿಷಕ್ಕೆ 100ರಿಂದ 120 ಸಲ ಒತ್ತುತ್ತಿರಿ. ಆಂಬುಲೆನ್ಸ್ ಬರುವವರೆಗೂ ನಿಲ್ಲಿಸಬೇಡಿ. ವೇದಿಕೆ ಕಟ್ಟುವ ದಿನವೇ ಮೇನ್ ಸ್ವಿಚ್ ಎಲ್ಲಿದೆ ಎಂದು ತಂಡದ ಪ್ರತಿಯೊಬ್ಬರಿಗೂ ತೋರಿಸಿಡಿ, ತಬಲಾದವರಿಗೂ.

ನಮಸ್ಕಾರ.